ಹಡಗಿನ ಮದ್ದು

೧೮ ಜನವರಿ ೧೯೫೯, ಭಾನುವಾರ

ಇವತ್ತು ಮತ್ತೆ ಲಕ್ಕಯ್ಯ ಬಂದಿದ್ದ. ಇಡೀ ಹೊಳೆನರಸೀಪುರದಲ್ಲಿ ಮದುವೆಯಾಗದೆ ಉಳಿದವಳು ನಾನೊಬ್ಬಳೇ ಎನ್ನುವ ಹಾಗೆ ಈ ಮದುವೆ ದಲ್ಲಾಳಿ ವಾರಕ್ಕೊಮ್ಮೆ ನಮ್ಮ ಜಗಲಿಗೆ ಬಂದು ಕೂರುತ್ತಾನೆ, ಎರಡು ಲೋಟ ಕಾಫಿ ಕುಡಿಯುತ್ತಾನೆ, ಒಂದು ಗಂಡನ್ನು ಇಳಿಸಿ ಹೋಗುತ್ತಾನೆ. ಚನ್ನರಾಯಪಟ್ಟಣದ ಗಂಡು ಕೇಸರಿಬಾತು ತಿಂದು ಕೂತಲ್ಲೇ ಗೊರಕೆ ಹೊಡೆದ. ಶಾಂತಿಗ್ರಾಮದವನು ಎರಡು ಎಮ್ಮೆ ಹಾಲು ಕರೆಯಲು ಬರುತ್ತದೆಯೇ ಎಂದು ಕೇಳಿದ. ನಾನು ಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುವವಳು, ಎಮ್ಮೆ ಯಾವ ಖಂಡದ ಪ್ರಾಣಿ ಎಂದು ಬೇಕಾದರೆ ಹೇಳುತ್ತೇನೆ ಅಂದೆ. ಅವನು ಮತ್ತೆ ಬರಲಿಲ್ಲ.

ಈ ಸಲದ್ದು ಅರಕಲಗೂಡಿನ ಗಂಡು. ಹೆಸರು ಷಡಕ್ಷರಿ.

"ಬೊಂಬಾಯಿಂದ ದೇಶ ದೇಶಕ್ಕೆ ಓಗೋ ಹಡಗಲ್ಲವ್ನೆ ಸ್ವಾಮಿ. ದೊರೆಗಳು ದೊರೆಸಾನೀರು ಉಂಡ್ಕಂಡು ಕುಣ್ಕಂಡು ಓಗ್ತಾರಲ್ಲ, ಅಂಥ ಹಡಗು" ಎಂದ ಲಕ್ಕಯ್ಯ.

"ಅಲ್ಲಿ ಏನು ಕೆಲಸ?" ಅಪ್ಪಾಜಿ ಕೇಳಿದರು.

"ಮದ್ದಿನ ಕೆಲ್ಸ. ಅವ್ರ ಮನೇಗೇ ಮದ್ದಿನ ಮನೆ ಅಂತಾರೆ. ಅಪ್ಪನ ಕಾಲ್ದಿಂದ್ಲೂ ಮದ್ದೇ."

"ಡಾಕ್ಟ್ರಾ!" ಒಳಗಿನಿಂದ ಅಜ್ಜಿ ಕೂಗಿದಳು. ಉಬ್ಬಸದಲ್ಲಿ ಎರಡು ಮಾತು ಆಡಲಾರದವಳಿಗೆ ಇದಕ್ಕೆ ಮಾತ್ರ ದನಿ ಎಲ್ಲಿಂದ ಬಂತೋ.

"ಅಂಗೇ ಅನ್ಕಳಿ" ಎಂದು ಲಕ್ಕಯ್ಯ ಲೋಟ ಕೆಳಗಿಟ್ಟ.

ಅಷ್ಟೇ. ಅಪ್ಪಾಜಿ ಕೊಬ್ಬರಿ ಮಂಡಿಗೆ ಹೋಗುವ ದಾರಿಯಲ್ಲೇ ನಾಲ್ಕು ಜನಕ್ಕೆ ಹೇಳಿಬಿಟ್ಟಿದ್ದಾರೆ, ಹಡಗಿನ ಡಾಕ್ಟ್ರು ಗಂಡು ಬರುತ್ತಾನೆಂದು. ನನ್ನನ್ನು ಯಾರೂ ಕೇಳಲಿಲ್ಲ. ನನಗೋ ಹೆಸರಿಗೆ ಮಾತ್ರ ಗಂಗೆ, ಗಂಗಾಂಬಿಕೆ. ಐದು ವರ್ಷದವಳಿದ್ದಾಗ ಹೊಳೆಯ ಸೋಪಾನದಲ್ಲಿ ಜಾರಿದ್ದೇ ಕೊನೆ, ಅವತ್ತಿನಿಂದ ಪಾದ ಮುಳುಗಿದರೆ ಪ್ರಾಣ ಬಾಯಿಗೆ ಬರುತ್ತದೆ. ನಾನು ಹಡಗಿನವನನ್ನು ಕಟ್ಟಿಕೊಳ್ಳುವುದುಂಟೇ? ಬರಲಿ, ನೋಡಿಕೊಳ್ಳುತ್ತೇನೆ.

೨೫ ಜನವರಿ, ಭಾನುವಾರ

ಬಂದ. ಜೊತೆಯಲ್ಲಿ ಅವನ ಅಕ್ಕ. ತಂದೆ ತಾಯಿ ಇಲ್ಲವಂತೆ. ಕಪ್ಪಗೆ ಗಟ್ಟಿಮುಟ್ಟಾಗಿದ್ದಾನೆ. ಹಣೆಯಲ್ಲಿ ವಿಭೂತಿ, ಬಲಗೈ ಬೆರಳುಗಳ ತುಂಬ ಸುಟ್ಟ ಕಲೆ. ಡಾಕ್ಟರಿಗೆ ಸುಟ್ಟ ಕಲೆ ಯಾಕೋ? ಸೂಜಿ ಕುದಿಸುವಾಗ ಆಗಿರಬೇಕು.

ನಾನು ಬಾಗಿಲ ಹಿಂದೆ ನಿಂತು ಕೇಳಿದ್ದನ್ನು ಹಾಗೇ ಬರೆದಿಡುತ್ತೇನೆ.

ಅಜ್ಜಿ ನಾಡಿ ನೋಡಲೆಂದು ಕೈ ಚಾಚಿದಳು. ಅವನು ಆ ಕೈಯನ್ನು ಹಿಡಿದು ಕಣ್ಣಿಗೊತ್ತಿಕೊಂಡ. "ಎಂಥ ವಿನಯ!" ಎಂದು ಅಜ್ಜಿ ಕರಗಿಹೋದಳು.

"ಮಲಗಕ್ಕೆ ಬಿಡಲ್ಲ ಕಣಪ್ಪ, ಉಬ್ಸ. ನಿನ್ ಮದ್ದು ಒಸಿ ಕೊಡ್ತೀಯಾ?"

"ಕೊಡ್ದೆ ಏನಜ್ಜಿ? ಈಗ ತಂದಿಲ್ಲ. ಊರಲ್ಲಿ ಅರ್ದು ಒಣಗ್ಸಿ ತತ್ತೀನಿ."

"ಬಿರ್ರನೆ ಕೆಲ್ಸ ಮಾಡ್ತದಾ?"

"ಕಣ್ ಮುಚ್ಚಿ ತೆಗೆಯೋದ್ರಲ್ಲಿ ಮೇಲಕ್ಕೋಯ್ತದೆ!"

"ಅಷ್ಟ್ ಬೇಗ ನನ್ನ ಮೇಲಕ್ ಕಳಿಸ್ಬ್ಯಾಡಪ್ಪ, ಮೊಮ್ಮಗಳ ಮದ್ವೆ ನೋಡ್ಬೇಕು" ಎಂದು ಅಜ್ಜಿ ಬೊಚ್ಚು ಬಾಯಿಬಿಟ್ಟು ನಕ್ಕಳು. ಅವನೂ ನಕ್ಕ.

ಅಪ್ಪಾಜಿ ಗಂಟಲು ಸರಿಮಾಡಿಕೊಂಡು, "ಹಡಗಲ್ಲಿ ಒಂದು ಸಲಕ್ಕೆ ಎಷ್ಟು ಜನ ಬರ್ತಾರೆ ನಿಮ್ಮ ಹತ್ರ?" ಎಂದರು.

"ಏಳೆಂಟು ನೂರು ಜನ ಸ್ವಾಮಿ. ಎಲ್ಲಾ ಮೇಲಂತಸ್ತಿಗೆ ಬಂದು ಸಾಲಾಗಿ ನಿಂತ್ಕತಾರೆ."

"ಅಷ್ಟಕ್ಕೂ ನೀವೊಬ್ಬರೇನಾ?"

"ನಾನೊಬ್ನೇ. ಪಕ್ಕದಲ್ಲಿ ಒಬ್ಬ ಬಕೀಟಲ್ಲಿ ನೀರು ಹಿಡ್ಕಂಡಿರ್ತಾನೆ."

"ನೋಡಿದ್ಯಾ, ಎಂಥ ಶುಚಿ!" ಅವನು ಹೋದಮೇಲೆ ಅಪ್ಪಾಜಿ ಹತ್ತು ಸಲ ಹೇಳಿದರು. ಸರ್ಕಾರಿ ಆಸ್ಪತ್ರೆಯ ಸೀಸೆ, ಅಳತೆಗೆ ಕಾಗದ ಕತ್ತರಿಸಿ ಅಂಟಿಸಿದ ಆ ಕಂದು ಔಷಧಿಯ ಸೀಸೆ, ಇವತ್ತಿನಿಂದ ಬೇಡವಂತೆ ಅಜ್ಜಿಗೆ. "ಹಡಗಿನ ಮದ್ದು ಬತ್ತದೆ" ಎನ್ನುತ್ತಾಳೆ. ನಾನು ಬೈದು ಒಂದು ಗುಟುಕು ಕುಡಿಸಿದೆ.

ನನಗೆ ಒಪ್ಪಿಗೆಯಿಲ್ಲ ಎಂದು ಹೇಳಿದೆ. ಅಪ್ಪಾಜಿ, "ಏಳೆಂಟು ನೂರು ಜನ!" ಎಂದರು. ಗೋಡೆಗೆ ಹೇಳಿದಂತಾಯಿತು.

೪ ಫೆಬ್ರವರಿ, ಬುಧವಾರ

ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿದೆ, ಬರೆಯಲೂ ಆಗುತ್ತಿಲ್ಲ.

ಸ್ಕೂಲಿನಿಂದ ಬರುವಷ್ಟರಲ್ಲಿ ಆ ಮನುಷ್ಯ ಜಗಲಿಯ ಮೇಲೆ ಕೂತಿದ್ದ. ಅಪ್ಪಾಜಿ ಇನ್ನೂ ಮಂಡಿಯಲ್ಲೇ ಇದ್ದರು. ಅಜ್ಜಿಗೆಂದು ಒಂದು ದೊಡ್ಡ ಶಂಖ ತಂದಿದ್ದ. ಕಿವಿಗೆ ಇಟ್ಟರೆ ಸಮುದ್ರದ ಸದ್ದು ಕೇಳುತ್ತದೆ ಎಂದ. ಅಜ್ಜಿ ಇಟ್ಟುಕೊಂಡು ಕೇಳಿ, "ಪಾಪ, ಇದ್ರೊಳಗೂ ಯಾರೋ ಉಬ್ಸದೋರು ಅವ್ರೆ" ಎಂದಳು.

ಇವನ ಬಣ್ಣ ಬಯಲು ಮಾಡಲು ಇದೇ ಸಮಯವೆಂದು ನಾನು ಕಂಬಕ್ಕೆ ಒರಗಿ ಕೇಳಿದೆ, "ಡಾಕ್ಟರಿಕೆ ಓದಿದ್ದೆಲ್ಲಿ?"

"ಏನ್ ಓದಿದ್ದು?"

"ಡಾಕ್ಟರಿಕೆ. ಮದ್ದು ಕೊಡುವುದನ್ನ ಎಲ್ಲಿ ಕಲಿತಿರಿ?"

"ಓದೇನು ಬಂತು, ನಾನು ಮಿಡ್ಲಿಸ್ಕೂಲು ಫೇಲು. ಮದ್ದು ನಮ್ಮಪ್ಪಾರು ಕಲ್ಸಿದ್ದು. ಪೆಟ್ಲುಪ್ಪು, ಗಂಧಕ, ಇದ್ದಿಲು, ಮೂರೂ ಹದವಾಗಿ ಅರೀಬೇಕು. ಬತ್ತಿ ಒಣಗಿರ್ಬೇಕು."

"ಬತ್ತಿನಾ?"

"ಬತ್ತಿ ಇಲ್ದೆ ಬಾಣ ಎಂಗ್ ಹತ್ಕೊತದೆ?"

ಮದ್ದು! ಸಿಡಿಮದ್ದು! ಇವರು ಹಡಗಿನಲ್ಲಿ ಬಾಣಬಿರುಸು ಹಾರಿಸುವವರು! ನಾನು ಕಂಬ ಹಿಡಿದುಕೊಂಡು ನಕ್ಕ ನಗೆಗೆ ಅಜ್ಜಿ, "ಏನೇ ಅದು?" ಎಂದಳು. "ಏನಿಲ್ಲ, ಶಂಖ" ಎಂದೆ. ಇವರು ಮಾತ್ರ ಮುಖ ಪೆಚ್ಚು ಮಾಡಿಕೊಂಡು ನಿಂತಿದ್ದರು. ನಾವೆಲ್ಲ ಏನು ತಿಳಿದಿದ್ದೇವೆಂದು ಹೇಳಿದಾಗ ಹಣೆ ಚಚ್ಚಿಕೊಂಡರು.

"ಶಿವನೇ! ಅದಕ್ಕೇ ಕೈ ಚಾಚಿದ್ದಾ ಅಜ್ಜಿ? ನಾನು ಈಗ್ಲೇ ಮಂಡಿಗೋಗಿ ನಿಮ್ಮಪ್ಪಾರಿಗೆ ಹೇಳ್ಬುಡ್ತೀನಿ."

"ನೀವು ಸುಮ್ಮನಿರಿ. ನಾನು ಹೇಳುತ್ತೇನೆ" ಎಂದೆ. ಅಪ್ಪಾಜಿಯ ಕೋಪ ಮಂಡಿಯವರ ಮುಂದೆ ಬೇಡವೆಂದು ಅಷ್ಟೇ.

ಆಮೇಲೆ ಹೊರಡಲು ಎದ್ದವರು ಒಂದು ಗಳಿಗೆ ಮಾತಾಡುತ್ತ ನಿಂತರು. ಮೊದಲು ಹಡಗಿನಲ್ಲಿ ಹಗ್ಗ ಎಳೆಯುತ್ತಿದ್ದರಂತೆ. ಮದ್ದು ಬಲ್ಲವರೆಂದು ಗೊತ್ತಾಗಿ ಕಪ್ತಾನ ಈ ಕೆಲಸ ಕೊಟ್ಟನಂತೆ. ಭೂಮಧ್ಯರೇಖೆ ದಾಟುವ ದಿನ, ಹೊಸ ವರ್ಷದ ದಿನ, ಊಟವಾದಮೇಲೆ ದೀಪ ಆರಿಸುತ್ತಾರೆ. ಜನ ಎಲ್ಲ ಮೇಲೆ ಬಂದು ನಿಲ್ಲುತ್ತಾರೆ. ಇವರು ಹಡಗಿನ ಬಾಲದಲ್ಲಿ ನಿಂತು, ಹೊಗೆ ಜನರ ಮೇಲೆ ಹೋಗದ ಹಾಗೆ ಗಾಳಿ ನೋಡಿಕೊಂಡು ಬತ್ತಿ ಮುಟ್ಟಿಸುತ್ತಾರೆ.

"ಸಮುದ್ರದ ಮೇಲೆ ಒಂದು ಬಾಣ ಬಿಟ್ರೆ ಎರಡು ಬಾಣ. ಒಂದು ಮೇಲಕ್ಕೋಯ್ತದೆ, ಇನ್ನೊಂದು ನೀರೊಳಕ್ಕೆ. ಸುತ್ತ ಒಂದು ಮನೆ ಇಲ್ಲ, ಮರ ಇಲ್ಲ. ಎಲ್ಲಾ ಬಣ್ಣನೂ ಬಿಡ್ತೀವಿ. ಕೆಂಪು ಒಂದು ಬಿಟ್ಟು."

"ಕೆಂಪೇಕೆ ಬಿಡಲ್ಲ?"

"ಕೆಂಪು ಬಿಟ್ರೆ ಹಡಗು ಮುಳುಗ್ತಾ ಐತೆ ಅಂತ. ಕಂಡೋರು ಯಾರೇ ಆಗ್ಲಿ, ಎಲ್ಲಿಗೇ ಓಗ್ತಿರ್ಲಿ, ತಿರುಗಿಸ್ಕಂಡು ಬಂದು ಎತ್ಕಬೇಕು. ಅದು ಸಮುದ್ರದೋರ ಕಾನೂನು."

ಕೆಂಪೆಂದರೆ ಅಪಾಯವೆಂದು ರೈಲಿನವರಿಗೂ ಗೊತ್ತು, ಇದೇನು ದೊಡ್ಡ ಸಂಗತಿಯಲ್ಲ. ಅಂತೂ ಈ ಗಂಡು ತಪ್ಪಿತು, ಒಳ್ಳೆಯದೇ ಆಯಿತು. ನಾಳೆ ಅಪ್ಪಾಜಿಗೆ ಹೇಳುತ್ತೇನೆ.

೫ ಫೆಬ್ರವರಿ

ಅಪ್ಪಾಜಿಗೆ ತಲೆನೋವು. ನಾಳೆ ಹೇಳುತ್ತೇನೆ.

೬ ಫೆಬ್ರವರಿ

ಅಪ್ಪಾಜಿ ಬಹಳ ಖುಷಿಯಲ್ಲಿದ್ದಾರೆ. ಇಂಥ ದಿನ ಹೇಳಿ ಯಾಕೆ ಹಾಳು ಮಾಡಬೇಕು? ನಾಳೆ.

೧೧ ಫೆಬ್ರವರಿ, ಬುಧವಾರ

ಇವತ್ತು ಹುಡುಗಿಯರಿಗೆ ಭೂಮಧ್ಯರೇಖೆ ಪಾಠ. ಒಂದು ಗಂಟೆಯ ಪಾಠ ಎರಡು ಗಂಟೆ ಆಯಿತು. ಅಲ್ಲಿ ಹಡಗಿನಲ್ಲಿ ದೀಪ ಆರಿಸುತ್ತಾರೆ, ಜನ ಸಾಲಾಗಿ ನಿಲ್ಲುತ್ತಾರೆ, ಒಂದು ಬಾಣ ಬಿಟ್ಟರೆ ಎರಡಾಗುತ್ತದೆ ಎಂದೆಲ್ಲ ಹೇಳಿದೆ. ಹೆಡ್‌ಮಿಸ್ಟ್ರೆಸ್ ಬಾಗಿಲಲ್ಲಿ ನಿಂತು, "ಇದು ಪುಸ್ತಕದಲ್ಲಿ ಇದೆಯೇನ್ರೀ?" ಎಂದರು. ಅವರಿಗೇನು ಗೊತ್ತು.

ಮನೆಗೆ ಬಂದರೆ ಜಗಲಿಯಲ್ಲಿ ಬೀದಿಯ ಅರ್ಧ ಜನ. ಒಬ್ಬಳಿಗೆ ಮಂಡಿನೋವು, ಒಬ್ಬನಿಗೆ ಕಿವಿಸೋರು, ಮತ್ತೊಬ್ಬ ಹುಳುಕು ಹಲ್ಲು ತೋರಿಸಿಕೊಂಡು ಕೂತಿದ್ದ. "ಅಳಿಯಂದ್ರು ಯಾವತ್ತು ಬತ್ತಾರೆ ಸಾ?" ಎಂದು ಎಲ್ಲರದೂ ಒಂದೇ ಪ್ರಶ್ನೆ. ಅಪ್ಪಾಜಿ ಎಲ್ಲರಿಗೂ ಇಪ್ಪತ್ತೆರಡನೇ ತಾರೀಕು ಭಾನುವಾರ ಬರಲು ಹೇಳಿದರು. ಅವತ್ತೇ ನಿಶ್ಚಿತಾರ್ಥವಂತೆ!

ಅಲ್ಲ, ನಾನು ಇನ್ನೂ ಹೇಳಲೇ ಇಲ್ಲವಲ್ಲ. ಹೇಳಿದ್ದೇನೆಂದು ಅರಕಲಗೂಡಿನಲ್ಲಿ ಅವರು ತಿಳಿದಿರುತ್ತಾರೆ. ಹೇಳಿದಮೇಲೂ ಅಪ್ಪಾಜಿ ಒಪ್ಪಿದರೆಂದು ಸಂತೋಷಪಡುತ್ತಿರುತ್ತಾರೆ, ಪಾಪ. ಹೇಳಿದರೆ ಅಪ್ಪಾಜಿ ನಿಂತ ನಿಲುವಿನಲ್ಲೇ ಈ ಸಂಬಂಧ ಮುರಿಯುತ್ತಾರೆ. ಮುರಿಯಲೆಂದೇ ತಾನೇ ನನಗೂ ಬೇಕಾಗಿದ್ದು?

ಇವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

೧೯ ಫೆಬ್ರವರಿ, ಗುರುವಾರ

ಆಸ್ಪತ್ರೆಯಿಂದ ಈಗಷ್ಟೇ ಬಂದೆ.

ಬೆಳಿಗ್ಗೆ ಸ್ಕೂಲಿಗೆ ಹೊರಟಿದ್ದೆ. ಅಜ್ಜಿ ಗೋಡೆಗೆ ಒರಗಿ ಬಾಯಿ ತೆರೆದು ಕೂತಿದ್ದಳು, ತುಟಿ ನೀಲಿಯಾಗಿತ್ತು. ಔಷಧಿ ತರಲು ಓಡಿದರೆ ಸೀಸೆ ತುಂಬಿದಂತೇ ಇತ್ತು. ನನ್ನ ಎದುರಿಗೆ ಕುಡಿದಂತೆ ಮಾಡಿ ಎಷ್ಟು ದಿನದಿಂದ ತುಳಸಿ ಕಟ್ಟೆಗೆ ಉಗುಳುತ್ತಿದ್ದಳೋ ಮುದುಕಿ. ಹಡಗಿನ ಮದ್ದಿಗಾಗಿ ಕಾಯುತ್ತಿದ್ದಳು.

ಅಪ್ಪಾಜಿ ಗಾಬರಿಯಲ್ಲಿ ಮಂಡಿಯ ಆಳನ್ನು ಕರೆದು, "ಅರಕಲಗೂಡಿಗೆ ಕಾರು ಮಾಡ್ಕಂಡು ಓಗೋ, ಅಳಿಯಂದ್ರನ್ನ ಕರ್ಕಂಡ್ ಬಾ!" ಎಂದರು.

"ಅವರು ಡಾಕ್ಟರಲ್ಲ ಅಪ್ಪಾಜಿ!" ಎಂದು ಕಿರುಚಿದೆ. "ಅವರದು ಸಿಡಿಮದ್ದು. ಬಾಣಬಿರುಸು. ಅಜ್ಜಿಯನ್ನು ಆಸ್ಪತ್ರೆಗೆ ಎತ್ತಿಕೊಳ್ಳಿ!"

ಬೀದಿ ಪೂರ್ತಿ ಕೇಳಿಸಿಕೊಂಡಿತು. ಅಪ್ಪಾಜಿ ಅಜ್ಜಿಯನ್ನು ಮಗುವಿನಂತೆ ಎತ್ತಿಕೊಂಡು ಓಡಿದರು. ಆಸ್ಪತ್ರೆಯಲ್ಲಿ ಸೂಜಿ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಅಜ್ಜಿ, "ಒಂದ್ ತೊಟ್ಟು ಕಾಫಿ ಕೊಡ್ಸು" ಎಂದಳು. ಆಗ ನನಗೆ ಅಳು ಬಂತು. ಅಜ್ಜಿ ಉಳಿದಳು, ಸಾಕು. ಇನ್ನು ಏನು ಮುರಿದರೂ ಮುರಿಯಲಿ.

೨೧ ಫೆಬ್ರವರಿ, ಶನಿವಾರ

ಮುರಿಯಿತು.

ಸುದ್ದಿ ಕೇಳಿ ಅವರೇ ಬಂದರು. ಅಪ್ಪಾಜಿ ಜಗಲಿ ಹತ್ತಿಸಲಿಲ್ಲ.

"ನಾನು ಯಾವತ್ತೂ ಡಾಕ್ಟ್ರು ಅಂದಿಲ್ಲ ಸ್ವಾಮಿ."

"ಮದ್ದು ಅಂದೆಯಲ್ಲಯ್ಯಾ!"

"ಮದ್ದನ್ನ ಮದ್ದು ಅನ್ದೆ ಇನ್ನೇನ್ ಅನ್ಲಿ?"

ಬೇರೆ ದಿನವಾಗಿದ್ದರೆ ಅಪ್ಪಾಜಿಯೇ ನಕ್ಕುಬಿಡುತ್ತಿದ್ದರು. ಊರೆಲ್ಲ ನಗುತ್ತಿರುವಾಗ ಅವರಿಗೆ ನಗು ಎಲ್ಲಿಂದ ಬರಬೇಕು? ಎರಡು ದಿನದಿಂದ ಮಂಡಿಗೆ ಹಿಂದಿನ ಬೀದಿಯಿಂದ ಹೋಗುತ್ತಿದ್ದಾರೆ. "ಬೆಂಕಿ ಹಚ್ಚೋನಿಗೆ ಮಗಳು ಕೊಡಲ್ಲ. ನಡಿ" ಎಂದರು.

ಹೋಗುವಾಗ ಅವರು ನಾನು ನಿಂತಿದ್ದ ಬಾಗಿಲ ಕಡೆ ತಿರುಗಿ, "ಹೇಳ್ತೀನಿ ಅಂದಿದ್ರಿ" ಎಂದರು. ಅಷ್ಟೇ. ಕೋಪ ಇರಲಿಲ್ಲ. ಕೋಪ ಮಾಡಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ.

ಮಾರ್ಚಿ ಎಂಟಕ್ಕೆ ಊರು ಬಿಟ್ಟು ಬೊಂಬಾಯಿಗೆ ಹೋಗುತ್ತಾರಂತೆ, ಹಡಗು ಹತ್ತಲು. ಹೋಗಲಿ.

೨೩ ಫೆಬ್ರವರಿ, ಸೋಮವಾರ

ಅಜ್ಜಿ ಮನೆಗೆ ಬಂದಳು. ಸೀಸೆಯ ಔಷಧಿಯನ್ನು ಈಗ ನನ್ನೆದುರಿಗೆ ಕುಡಿದು ಬಾಯಿ ತೆರೆದು ತೋರಿಸಬೇಕು, ಹಾಗೆ ಮಾಡಿದ್ದೇನೆ. ಕುಡಿದು ಮುಗಿಸಿ ಅಪ್ಪಾಜಿಯನ್ನು ಕರೆದಳು.

"ಲೋ ಪುಟ್ಟಸ್ವಾಮಿ. ಆ ಹುಡ್ಗ ನನ್ಗೆ ಮದ್ದು ಕೊಡ್ತೀನಿ ಅಂದಿದ್ದ. ಇನ್ನೂ ಕೊಟ್ಟಿಲ್ಲ."

"ಅವ್ವಾ, ಅದು ಬಾಣಬಿರುಸು ಕಣವ್ವ."

"ಯಾವ್ದೋ ಒಂದು. ದೊರೆಸಾನೀರು ನೋಡಿದ್ದನ್ನ ನಾನು ನೋಡ್ದೆ ಸಾಯ್ಬೇಕಾ? ಬರೋಕ್ ಹೇಳು."

"ಹೊಗೆ ಆಗಲ್ಲ ನಿಂಗೆ!"

"ನಾನ್ ನೋಡ್ಲೇಬೇಕು" ಎಂದು ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ರಾಗಿಮುದ್ದೆ ಮುಟ್ಟಲಿಲ್ಲ. ಸಾಯಂಕಾಲ ಅಪ್ಪಾಜಿ ಸೋತು ಅರಕಲಗೂಡಿಗೆ ಆಳು ಕಳಿಸಿದರು. "ಅವ್ವಂಗೋಸ್ಕರ ಅಷ್ಟೇಯ. ಸಂಬಂಧದ ಮಾತು ಎತ್ತಂಗಿಲ್ಲ" ಎಂದು ನನ್ನನ್ನೇ ನೋಡಿ ಹೇಳಿದರು. ನಾನೇನು ಕೇಳಿದೆನೇ?

೧ ಮಾರ್ಚ್, ಭಾನುವಾರ

ನಿನ್ನೆ ಬರೆಯಲಾಗಲಿಲ್ಲ. ಈಗ ನಿಧಾನವಾಗಿ ಬರೆಯುತ್ತೇನೆ, ಒಂದನ್ನೂ ಬಿಡಬಾರದು.

ಮದ್ದು ಇದೆಯೆಂದು ಬಸ್ಸಿನವರು ಹತ್ತಿಸಲಿಲ್ಲವಂತೆ. ಅರಕಲಗೂಡಿನಿಂದ ಎತ್ತಿನ ಗಾಡಿಯಲ್ಲೇ ಬಂದರು. ಸಾಯಂಕಾಲ ಅಂಬಿಗ ಚಲುವಯ್ಯನ ಹರಿಗೋಲಿಗೆ ಹಸಿ ಮರಳು ಹರಡಿ, ಅದರ ಮೇಲೆ ಬಿದಿರಿನ ಕೊಳವೆಗಳನ್ನು ನೆಟ್ಟರು. ಸುದ್ದಿ ಹೇಗೆ ಹೋಯಿತೋ, ಹೊಳೆಯ ದಡದಲ್ಲಿ ಇಡೀ ಊರು. ಕಿವಿಸೋರಿನವನು, ಹುಳುಕು ಹಲ್ಲಿನವನು, ಎಲ್ಲ ಹಾಜರು.

ಮಂಡಿಯ ಆಳು ಅಜ್ಜಿಯ ಕುರ್ಚಿಯನ್ನು ಸೋಪಾನದ ಹತ್ತಿರ ಇಟ್ಟಿದ್ದ. ಅವರು ಬಂದು ಒಂದು ಚಿಟಿಕೆ ವಿಭೂತಿಯನ್ನು ಗಾಳಿಗೆ ತೂರಿ ನೋಡಿದರು. ಆಮೇಲೆ ತಾವೇ ಕುರ್ಚಿ ಎತ್ತಿಕೊಂಡು ಬಹಳ ದೂರ, ತೆಂಗಿನ ತೋಟದ ಮೂಲೆಗೆ ಒಯ್ದರು.

"ಇಲ್ ಕೂತ್ಕಳಿ ಅಜ್ಜಿ. ಗಾಳಿ ನಿಮ್ ಕಡೆಯಿಂದ ಹೊಳೆ ಕಡೆಗ್ ಬೀಸ್ತಾ ಐತೆ. ಒಂದೆಳೆ ಹೊಗೆ ನಿಮ್ ತಾವ್ ಬರಲ್ಲ. ಉಬ್ಸ ಬಂದ್ರೆ ಒಂದು ಲಾಟೀನು ಹಚ್ಚಿ ತೋರ್ಸಿ, ನಾನ್ ನಿಲ್ಲಿಸ್ಬುಡ್ತೀನಿ."

ಅಪ್ಪಾಜಿ ಅಲ್ಲೇ ಒಂದು ಮರದ ಪಕ್ಕ ಹೊಳೆಗೆ ಬೆನ್ನು ಹಾಕಿ ನಿಂತಿದ್ದರು. ಇದನ್ನೆಲ್ಲ ನೋಡಿದರು. ಕುರ್ಚಿ ಇಟ್ಟವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಚಲುವಯ್ಯನ ಜೊತೆ ಹರಿಗೋಲು ಹತ್ತಿ ನಡುಹೊಳೆಗೆ ಹೋಗಿಬಿಟ್ಟರು.

ಕತ್ತಲಾಯಿತು. ಎಲ್ಲರ ಲಾಟೀನು ಆರಿಸಲು ಹರಿಗೋಲಿನಿಂದಲೇ ಕೂಗಿ ಹೇಳಿದರು. ಆಮೇಲೆ ಸುಂಯ್ ಎಂದು ಒಂದು ಬಾಣ ಎದ್ದಿತು.

ಅವರು ಹೇಳಿದ್ದು ನಿಜ. ಒಂದು ಬಿಟ್ಟರೆ ಎರಡು. ಹಸಿರು ಹೂ ಮೇಲೆ ಅರಳಿದರೆ ಕೆಳಗೂ ಅರಳುತ್ತಿತ್ತು, ಬಂಗಾರದ ಮಳೆ ಮೇಲಿನಿಂದ ಇಳಿದು ಕೆಳಗಿನಿಂದ ಏರಿ ನೀರಿನ ಮೇಲೆ ಕೂಡುತ್ತಿತ್ತು. ಹೊಗೆಯೆಲ್ಲ ಆಚೆ ದಡಕ್ಕೆ ಹೋಯಿತು. ಅಜ್ಜಿ ಪ್ರತಿ ಬಾಣಕ್ಕೂ "ಅಯ್ಯಯ್ಯಪ್ಪಾ!" ಎಂದು ಚಪ್ಪಾಳೆ ತಟ್ಟಿದಳು, ಒಂದು ಸಲವೂ ಕೆಮ್ಮಲಿಲ್ಲ. ಅಪ್ಪಾಜಿ ಮೊದಲು ಕತ್ತು ತಿರುಗಿಸಿದರು, ಆಮೇಲೆ ಮೈ ತಿರುಗಿಸಿದರು, ಆಮೇಲೆ ನಮ್ಮ ಪಕ್ಕಕ್ಕೇ ಬಂದು, "ಗಾಳಿ ನೋಡಿ ಕೂರಿಸಿದ ನೋಡವ್ವ" ಎಂದರು.

"ನಾನೇನ್ ಕುರುಡೀನಾ?" ಎಂದಳು ಅಜ್ಜಿ.

ಮುಗಿಯಿತು. ಜನ ಎದ್ದು ಪಂಚೆ ಕೊಡವಿಕೊಂಡರು, ಮಕ್ಕಳು ಇನ್ನೊಂದು ಇನ್ನೊಂದು ಎಂದು ಕೂಗಿದವು. ನಡುಹೊಳೆಯಲ್ಲಿ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದೇ ಒಂದು ಬಾಣ ಎದ್ದಿತು. ಬಹಳ ಮೇಲೆ ಹೋಯಿತು. ಒಡೆಯಿತು.

ಕೆಂಪು.

"ಅಪ್ಪಾಜಿ, ಅದು ಕೆಂಪು" ಎಂದೆ.

"ಕಾಣ್ತದೆ. ಅದಕ್ಯಾಕೆ ಅಳ್ತೀಯೇ?"

"ಸಮುದ್ರದಲ್ಲಿ ಕೆಂಪು ಬಿಡಲ್ಲ. ಮುಳುಗುವಾಗ ಮಾತ್ರ ಬಿಡ್ತಾರೆ. ಕಂಡೋರು ಯಾರೇ ಆಗಲಿ, ಹೋಗಿ ಎತ್ಕೋಬೇಕು."

ಅಪ್ಪಾಜಿ ನನ್ನನ್ನು ನೋಡಿದರು, ಹೊಳೆ ನೋಡಿದರು, ಮತ್ತೆ ನನ್ನನ್ನು ನೋಡಿದರು.

"ಮುಳುಗ್ತಾವ್ನಂತೆ ಕಣ್ಲಾ ಪುಟ್ಟಸ್ವಾಮಿ. ಗರ ಬಡ್ದೋನಂಗೆ ನಿಂತಿದ್ದೀಯಲ್ಲ!" ಎಂದಳು ಅಜ್ಜಿ.

ಅಪ್ಪಾಜಿ ಹೆಗಲ ಮೇಲಿನ ವಲ್ಲಿ ತೆಗೆದು ಮುಖ ಒರೆಸಿಕೊಂಡರು. ಆಮೇಲೆ ಮಂಡಿಯಲ್ಲಿ ಕೂಗುವ ದನಿಯಲ್ಲಿ ಕೂಗಿದರು, "ಲೋ ಚಲುವಯ್ಯಾ! ಹರಿಗೋಲು ಈ ಕಡೆಗೆ ತತ್ತಾರ್ಲಾ! ನಮ್ಮ ಅಳಿಯಂದ್ರನ್ನ ಜ್ವಾಪಾನವಾಗಿ ಕರ್ಕಂಡ್ ಬಾ!"

ಅಷ್ಟರಲ್ಲಿ ನಾನು ಓಡಿಹೋಗಿ ಸೋಪಾನವಿಳಿದು ಸೊಂಟದವರೆಗೆ ನೀರಿನಲ್ಲಿ ನಿಂತಿದ್ದೆ ಎಂದು ಅಜ್ಜಿ ಹೇಳುತ್ತಾಳೆ. ಅವಳು ಯಾವಾಗಲೂ ಒಂದಕ್ಕೆ ಎರಡು ಸೇರಿಸುತ್ತಾಳೆ. ನನಗಂತೂ ನೆನಪಿಲ್ಲ. ಇವತ್ತು ಬೆಳಿಗ್ಗೆ ಹಿತ್ತಲಲ್ಲಿ ಸೀರೆ ಒಣಗುತ್ತಿತ್ತು, ಅದರ ಅಂಚಿನ ತುಂಬ ಮರಳು.

೮ ಮಾರ್ಚ್, ಭಾನುವಾರ

ಹಾಸನದ ಬಸ್ಸಿಗೆ ಅವರನ್ನು ಹತ್ತಿಸಿ ಬಂದೆವು. ಅಲ್ಲಿಂದ ರೈಲು, ಆಮೇಲೆ ಬೊಂಬಾಯಿ. ಹಡಗು ತಿರುಗಿ ಬಂದ ಕೂಡಲೇ ಮದುವೆ. ಆಮೇಲೆ ನಾನೂ ಒಂದು ಸಲ ಹಡಗು ನೋಡಿಬರಬೇಕಂತೆ. ನೋಡೋಣ ಎಂದಿದ್ದೇನೆ, ನನಗೆ ನೀರು ಆಗುವುದಿಲ್ಲ. ಆದರೂ ಸುಮ್ಮನೆ ಇರಲೆಂದು ಚಲುವಯ್ಯನಿಗೆ ದಿನಾ ಸಾಯಂಕಾಲ ಹರಿಗೋಲಿನಲ್ಲಿ ಒಂದು ಸುತ್ತು ಹಾಕಿಸಲು ಹೇಳಿದ್ದೇನೆ. ಅಜ್ಜಿಗೆ ಗಾಳಿ ಸಿಗಲೆಂದು.

ಬಸ್ಸಿನ ಕಂಡಕ್ಟರ್ ಹೊಸಬ, ನಮ್ಮೂರಿನ ಕಥೆಯೊಂದೂ ತಿಳಿಯದವನು. ಟ್ರಂಕು ಮೇಲೆ ಹಾಕುತ್ತ ಅಪ್ಪಾಜಿಯನ್ನು ಕೇಳಿದ.

"ಅಳಿಯಂದ್ರಾ ಸಾ? ಏನ್ ಕೆಲ್ಸದಲ್ಲವ್ರೆ?"

"ಹಡಗಲ್ಲಿ ಮದ್ದಿನ ಕೆಲಸ" ಎಂದರು ಅಪ್ಪಾಜಿ, ಎದೆ ಮುಂದೆ ಮಾಡಿ.

"ಡಾಕ್ಟ್ರಾ?"

ಅಪ್ಪಾಜಿ ಒಂದು ಗಳಿಗೆ ಆಕಾಶ ನೋಡಿದರು.

"ಅದಕ್ಕಿಂತ ಮೇಲೆ" ಎಂದರು.